ಬರ್ಗರ್ ಅಂಗಡಿಗೂ ಮುಸುರೆ ಇದೆ: ವೆಜ್, ಜೈನ್, ವ್ರತ, ಹಲಾಲ್ ಗಿರಾಕಿಗಳಿಗೆ ಅಡುಗೆಮನೆ ಹೊಂದಿಸುವ ಬಗೆ

ಬರ್ಗರ್, ಪಿಜ್ಜಾ ಅಂಗಡಿ ಇಡಲು ಹೊರಟವರು ಮೊದಲು ಕೂತು ಮೆನು ಬರೆಯುತ್ತಾರೆ. ಅದಕ್ಕೂ ಮುಂಚೆ ಬರೆಯಬೇಕಾದ್ದು ಎಣ್ಣೆಯ ಲೆಕ್ಕ: ಎಷ್ಟು ಫ್ರೈಯರ್, ಯಾವುದರಲ್ಲಿ ಏನು ಕರಿಯುವುದು, ಸೋಸಿದ ಎಣ್ಣೆ ಮರಳಿ ಎಲ್ಲಿಗೆ ಹೋಗುವುದು. ಒಂದೇ ಆಫೀಸಿನಿಂದ ಬಂದ ನಾಲ್ವರಲ್ಲಿ ಒಬ್ಬರು ಜೈನರು, ಒಬ್ಬರು ಹಲಾಲ್ ಅಲ್ಲದ ಕೋಳಿ ಮುಟ್ಟದವರು, ಒಬ್ಬರು ಶನಿವಾರ ಮಾತ್ರ ಮಾಂಸ ಬಿಡುವವರು, ಇನ್ನೊಬ್ಬರು ಮೊಟ್ಟೆಯ ವಾಸನೆಯನ್ನೂ ಸಹಿಸದವರು. ನಾಲ್ವರೂ ಕೂರುವುದು ಒಂದೇ ಮೇಜಿಗೆ.

ಎಣ್ಣೆಯ ವಿಷಯದಲ್ಲಿ ಎಡವಿದರೆ ಏನಾಗುತ್ತದೆಂಬುದಕ್ಕೆ ಮೆಕ್‌ಡೊನಾಲ್ಡ್ಸ್‌ನ ಪ್ರಕರಣವೇ ಸಾಕು. 1990ರಲ್ಲಿ ಅಮೆರಿಕದಲ್ಲಿ ಅದು ದನದ ಕೊಬ್ಬು ಬಿಟ್ಟು ಸಸ್ಯಜನ್ಯ ಎಣ್ಣೆಯಲ್ಲಿ ಫ್ರೈಸ್ ಕರಿಯುವುದಾಗಿ ಸಾರಿತು. ಅಲ್ಲಿನ ಹಿಂದೂಗಳು, ಸಸ್ಯಾಹಾರಿಗಳು ನಂಬಿ ತಿಂದರು. ಆದರೆ ಕಾರ್ಖಾನೆಯಲ್ಲೇ ಆಲೂಗಡ್ಡೆಗೆ ದನದ ಮಾಂಸದ ಸ್ವಾದದ ಅಂಶ ಸೇರುತ್ತಿತ್ತು. ಪದಾರ್ಥಗಳ ಪಟ್ಟಿಯಲ್ಲಿ ಅದಕ್ಕೆ ಬರೀ ‘ನೈಸರ್ಗಿಕ ಸ್ವಾದ’ ಎಂದು ಹೆಸರು. 2001ರಲ್ಲಿ ಸಿಯಾಟಲ್‌ನಲ್ಲಿ ಮೊಕದ್ದಮೆ ಬಿತ್ತು, 2002ರಲ್ಲಿ ಕಂಪನಿ ಒಂದು ಕೋಟಿ ಡಾಲರ್ ಕೊಟ್ಟು, ಕ್ಷಮೆಯನ್ನೂ ಕೇಳಿ ರಾಜಿ ಮಾಡಿಕೊಂಡಿತು. ಭಾರತದ ಫ್ರೈಸ್‌ನಲ್ಲಿ ಆ ಅಂಶ ಇರಲೇ ಇಲ್ಲ. ಆದರೂ ಸುದ್ದಿ ಬಂದ ವಾರದಲ್ಲೇ ಮುಂಬೈ ಸುತ್ತಮುತ್ತ ಪ್ರತಿಭಟನೆ ನಡೆದು, ಠಾಣೆಯ ಮಳಿಗೆಯ ಮೇಲೆ ದಾಳಿಯಾಯಿತು.

ಹಾಗೆ ನೋಡಿದರೆ ಇಲ್ಲಿ ಅದೇ ಕಂಪನಿ ಬಲು ಎಚ್ಚರದಿಂದ ಕಾಲಿಟ್ಟಿತ್ತು. 1996ರ ಅಕ್ಟೋಬರ್‌ನಲ್ಲಿ ದೆಹಲಿಯ ಬಸಂತ್ ಲೋಕ್‌ನಲ್ಲಿ ತೆರೆದ ಮೊದಲ ಮಳಿಗೆಯಲ್ಲಿ ದನವೂ ಇಲ್ಲ, ಹಂದಿಯೂ ಇಲ್ಲ. ಮೇಯೊನೇಸ್‌ಗೆ ಮೊಟ್ಟೆ ಇಲ್ಲ. ವೆಜ್‌ಗೂ ನಾನ್‌ವೆಜ್‌ಗೂ ಬೇರೆ ಬೇರೆ ಸಾಲು, ಬೇರೆ ಉಪಕರಣ. ನಮ್ಮ ಅಜ್ಜಿಯಂದಿರು ‘ಮುಸುರೆ’ ಎನ್ನುತ್ತಿದ್ದುದೂ ಈ ಜಾತಿಯದೇ ಲೆಕ್ಕ: ಪಾತ್ರೆಯಲ್ಲಿ ಏನಿದೆ ಎಂಬುದರಷ್ಟೇ, ಆ ಪಾತ್ರೆಗೆ ಏನು ತಾಗಿದೆ ಎಂಬುದೂ ಮುಖ್ಯ.

ಏನು ಮಾರುವುದಿಲ್ಲ ಎಂದು ಮೊದಲು ತೀರ್ಮಾನಿಸಿ

ದೊಡ್ಡ ಸರಪಳಿಗಳು ಹೊಸ ಊರಿಗೆ ಹೋದಾಗ ಮೊದಲ ನಿರ್ಧಾರ ಇದೇ. ಇಸ್ರೇಲಿನ ಕೋಷರ್ ಮೆಕ್‌ಡೊನಾಲ್ಡ್ಸ್‌ಗಳಲ್ಲಿ ಚೀಸ್‌ಬರ್ಗರ್ ಸಿಗುವುದಿಲ್ಲ, ಯಾಕೆಂದರೆ ಯೆಹೂದಿ ಧರ್ಮದಲ್ಲಿ ಮಾಂಸವನ್ನೂ ಹಾಲನ್ನೂ ಬೆರೆಸುವಂತಿಲ್ಲ. ಶನಿವಾರದ ಶಬ್ಬತ್‌ಗೆ ಬಾಗಿಲೂ ಹಾಕಿರುತ್ತದೆ. ಬರ್ಗರ್ ಕಂಪನಿ ಚೀಸ್ ಬಿಟ್ಟುಕೊಡುವುದೆಂದರೆ ಸಣ್ಣ ಮಾತಲ್ಲ.

ನಿಮ್ಮ ಅಂಗಡಿಗೆ ಇರುವುದು ಹೆಚ್ಚೆಂದರೆ ಮೂರು ದಾರಿ: ಪೂರ್ತಿ ವೆಜ್, ವೆಜ್ ಜೊತೆಗೆ ಮೊಟ್ಟೆ, ಇಲ್ಲವೇ ವೆಜ್ ಮತ್ತು ಕೋಳಿ-ಮೀನು. ಅಡುಗೆಮನೆ 150 ಚದರಡಿಗಿಂತ ಕಡಿಮೆ ಇದ್ದರೆ ಮೂರನೆಯದರ ಗೋಜಿಗೆ ಹೋಗಬೇಡಿ. ಎರಡು ಸಾಲು ಇಡಲು ಜಾಗ ಇರುವುದಿಲ್ಲ. ಜನಜಂಗುಳಿಯ ಹೊತ್ತಿನಲ್ಲಿ ಹುಡುಗರು ಕೈಗೆ ಸಿಕ್ಕ ಇಕ್ಕಳ ಎತ್ತಿಕೊಳ್ಳುತ್ತಾರೆ, ಅದು ಅವರ ತಪ್ಪೂ ಅಲ್ಲ. ಎರಡನೆಯ ದಾರಿ ಸುಲಭ ಅನಿಸುತ್ತದೆ, ಆದರೆ ಕಾನೂನಿನ ಕಣ್ಣಲ್ಲಿ ಮೊಟ್ಟೆ ಮಾಂಸಾಹಾರವೇ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ವ್ಯಾಖ್ಯೆಯಂತೆ ಹಾಲು, ಹಾಲಿನ ಉತ್ಪನ್ನ, ಜೇನಿನಂಥ ಕೆಲವನ್ನು ಬಿಟ್ಟು ಪ್ರಾಣಿಮೂಲದ್ದೆಲ್ಲ ನಾನ್‌ವೆಜ್. ಆಮ್ಲೆಟ್ ಬರ್ಗರ್ ಮುಂದೆ ಹಸಿರು ಚುಕ್ಕೆ ಹಾಕಿದರೆ ದಂಡ ಬೀಳುತ್ತದೆ.

ಫ್ರೈಯರ್, ಕಾವಲಿ, ಇಕ್ಕಳ

ಕೋಳಿ ಮಾರುವುದಾದರೆ ಫ್ರೈಯರ್ ಎರಡು ಬೇಕೇ ಬೇಕು. ಒಂದೇ ಯಂತ್ರದ ಎರಡು ತೊಟ್ಟಿಯ ಮಾದರಿ ಅಗ್ಗ, ಆದರೆ ಬುಟ್ಟಿ ಎತ್ತಿ ಜಾಡಿಸುವಾಗ ಪಕ್ಕದ ತೊಟ್ಟಿಗೆ ಹನಿ ಸಿಡಿಯುತ್ತದೆ. ಆದ್ದರಿಂದ ಬೇರೆ ಬೇರೆ ಯಂತ್ರ ಕೊಂಡು, ನಡುವೆ ಕನಿಷ್ಠ ಎರಡಡಿ ಜಾಗ ಬಿಡಿ, ಇಲ್ಲವೇ ಸ್ಟೀಲ್ ತಗಡು ನಿಲ್ಲಿಸಿ. ಆರು ಲೀಟರ್‌ನ ಎರಡು ಟೇಬಲ್ ಫ್ರೈಯರ್ ಸಣ್ಣ ಅಂಗಡಿಗೆ ಸಾಕು.

ಬಹಳ ಮಂದಿ ಮರೆಯುವುದು ಎಣ್ಣೆ ಸೋಸುವ ಸಾಮಾನನ್ನು. ಹಗಲೆಲ್ಲ ಎರಡು ಫ್ರೈಯರ್ ಬೇರೆಯಾಗಿಟ್ಟು, ರಾತ್ರಿ ಒಂದೇ ಜಾಲರಿ, ಒಂದೇ ಲಾಳಿಕೆಯಲ್ಲಿ ಎರಡೂ ಎಣ್ಣೆ ಸೋಸಿದರೆ ಅಷ್ಟೂ ಶ್ರಮ ನೀರುಪಾಲು. ಫಿಲ್ಟರ್ ಪಂಪ್ ಇದ್ದರೆ ಅದರ ಕೊಳವೆಯೊಳಗೆ ಅರ್ಧ ಲೋಟ ಹಳೆ ಎಣ್ಣೆ ನಿಂತೇ ಇರುತ್ತದೆ. ವೆಜ್ ಎಣ್ಣೆ ಮೊದಲು, ನಾನ್‌ವೆಜ್ ಆಮೇಲೆ ಎಂದು ಕ್ರಮ ಇಟ್ಟರೂ ಮಾರನೆಯ ದಿನ ಅದೇ ಕೊಳವೆಯಿಂದ ವೆಜ್ ಎಣ್ಣೆ ಹಾಯಬೇಕಲ್ಲ? ಹಸಿರು ಹಿಡಿಯದ್ದೊಂದು, ಕೆಂಪು ಹಿಡಿಯದ್ದೊಂದು, ಎರಡು ಜಾಲರಿ, ಎರಡು ಡಬ್ಬ ಇಡಿ. ಎಣ್ಣೆಯ ಟೋಟಲ್ ಪೋಲಾರ್ ಕಾಂಪೌಂಡ್ಸ್ (ಕರಿದಷ್ಟೂ ಎಣ್ಣೆಯಲ್ಲಿ ಹೆಚ್ಚುವ ಕೆಟ್ಟ ಅಂಶ) 25 ಶೇಕಡ ದಾಟಿದರೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಇದೆ. ಆ ಮಿತಿ ಎರಡೂ ತೊಟ್ಟಿಗೆ ಪ್ರತ್ಯೇಕವಾಗಿ ಅನ್ವಯ. ಮೈದಾ ಹಚ್ಚಿದ ಕೋಳಿಯ ಎಣ್ಣೆ ಬರೀ ಫ್ರೈಸ್ ಕರಿದ ಎಣ್ಣೆಗಿಂತ ಬೇಗ ಕೆಡುತ್ತದೆ. ವೆಜ್ ಎಣ್ಣೆ ಇನ್ನೂ ಚೆನ್ನಾಗಿದೆಯೆಂದು ನಾನ್‌ವೆಜ್ ತೊಟ್ಟಿಗೆ ಇಳಿಸಬಹುದು. ತಿರುಗಿ ಬರುವ ದಾರಿ ಮಾತ್ರ ಇಲ್ಲ.

ಬಣ್ಣದ ನಿಯಮ ಸರಳವಾಗಿರಲಿ: ವೆಜ್‌ಗೆ ಹಸಿರು, ಹಸಿ ಮಾಂಸಕ್ಕೆ ಕೆಂಪು, ಬೆಂದ ಮಾಂಸಕ್ಕೆ ಹಳದಿ, ಜೈನ್‌ಗೆ ಬಿಳಿ. ಕತ್ತರಿಸುವ ಹಲಗೆ, ಚಾಕು, ಇಕ್ಕಳ, ಒರೆಸುವ ಬಟ್ಟೆ, ನಾಲ್ಕಕ್ಕೂ ಅದೇ ಬಣ್ಣ. ಬಟ್ಟೆಯನ್ನು ಬಿಟ್ಟುಬಿಡುವವರೇ ಜಾಸ್ತಿ. ಫ್ರಿಜ್ ಒಂದೇ ಇದ್ದರೆ ಹಸಿ ಕೋಳಿ ಕಡ್ಡಾಯವಾಗಿ ಕೆಳಗಿನ ಹಲಗೆಯಲ್ಲಿ, ಮುಚ್ಚಳದ ಡಬ್ಬಿಯಲ್ಲಿರಬೇಕು, ರಸ ತೊಟ್ಟಿಕ್ಕಿದರೂ ಕೆಳಗೆ ಬೇರೇನೂ ಇರಕೂಡದು. ಸಾಧ್ಯವಾದರೆ ಅದಕ್ಕೆ ಬೇರೆ ಫ್ರಿಜ್ ಕೊಳ್ಳಿ. ಫ್ರಿಜ್ 5 ಡಿಗ್ರಿ ಒಳಗೆ, ಡೀಪ್ ಫ್ರೀಜರ್ ಮೈನಸ್ 18ರಲ್ಲಿ.

ಪ್ಯಾಕೆಟ್ಟಿನ ಹಿಂಬದಿ ಓದಿ

ಹೊರಗಿನಿಂದ ಕೊಂಡ ಸಾಮಾನಿನಲ್ಲೇ ಹೆಚ್ಚು ಗುಂಡಿಗಳಿರುವುದು. ಪ್ಯಾಕೆಟ್‌ನಲ್ಲಿ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ವೆಜ್. ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ನಾನ್‌ವೆಜ್ (ಮೊದಲು ಅದೂ ಚುಕ್ಕೆಯೇ ಆಗಿತ್ತು, ಬಣ್ಣಗುರುಡು ಇರುವವರಿಗೂ ತಿಳಿಯಲೆಂದು ಬದಲಾಯಿಸಿದರು). ಬಿಡಿಯಾಗಿ ಬರುವ ಸಾಸ್, ಚೀಸ್, ಬೇಕರಿ ಬನ್‌ಗೆ ಈ ರಕ್ಷಣೆ ಇಲ್ಲ.

ಚೀಸ್: ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದಲೂ ಬರಬಹುದು, ಸೂಕ್ಷ್ಮಾಣುಜೀವಿಗಳಿಂದಲೂ ಬರಬಹುದು. ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಕರುವಿನ ರೆನೆಟ್ಟೇ ಆಗಬೇಕೆಂದು ಅಲ್ಲಿನ ನಿಯಮ. ಅದನ್ನು ತುರಿದು ವೆಜ್ ಪಾಸ್ತಾ ಮೇಲೆ ಉದುರಿಸಿದರೆ ಅದು ವೆಜ್ ಆಗಿ ಉಳಿಯುವುದಿಲ್ಲ. ‘ಮೈಕ್ರೋಬಿಯಲ್ ರೆನೆಟ್’ ಎಂದು ಬರೆದ ಚೀಸನ್ನೇ ತನ್ನಿ.

ಪದಾರ್ಥಗಳ ಪಟ್ಟಿಯಲ್ಲಿ ಬಣ್ಣ, ಸ್ವಾದದಂಥ ಸೇರ್ಪಡೆಗಳಿಗೆ ಕೊಡುವ ಸಂಕೇತಸಂಖ್ಯೆಗಳಲ್ಲಿ ನೆನಪಿಡಬೇಕಾದ್ದು ಕೆಲವೇ. 120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ. 441 ಜೆಲಟಿನ್, ಪ್ರಾಣಿಯ ಮೂಳೆ-ಚರ್ಮದ್ದು, ಮಾರ್ಷ್‌ಮ್ಯಾಲೊದಲ್ಲಿ ಸಾಮಾನ್ಯ. 471, 631, 920 ಇವು ಪ್ರಾಣಿಯಿಂದಲೂ ಬರಬಹುದು, ಬೇರೆ ಮೂಲದಿಂದಲೂ ಬರಬಹುದಾದ್ದರಿಂದ ಪೂರೈಸುವವರಿಂದ ಬರಹದಲ್ಲಿ ಕೇಳಿ ಪಡೆಯಬೇಕು. ವುಸ್ಟರ್‌ಶೈರ್ ಸಾಸ್‌ನಲ್ಲಿ, ಸೀಸರ್ ಡ್ರೆಸ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ. ಥಾಯ್ ಕರಿ ಪೇಸ್ಟ್‌ಗಳಲ್ಲಿ ಬಹುಪಾಲು ಸಿಗಡಿ.

ಒರೆಗಾನೊ ಪುಡಿಯ ಸ್ಯಾಶೆಯನ್ನೇ ತೆಗೆದುಕೊಳ್ಳಿ. ‘ಸೀಸನಿಂಗ್’ ಎಂದು ಬರೆದಿದ್ದರೆ ಅದರಲ್ಲಿ ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಉಪ್ಪು ಇರುವುದೇ ಹೆಚ್ಚು. ಜೈನ್ ಪಿಜ್ಜಾವನ್ನು ಜೋಪಾನವಾಗಿ ಮಾಡಿ, ಡಬ್ಬಿಯೊಳಗೆ ಆ ಸ್ಯಾಶೆ ಎಸೆದು ಕಳಿಸಿದರೆ ಎಲ್ಲ ಮುಗಿಯಿತು. ಬರೀ ಒಣಗಿದ ಒರೆಗಾನೊ ಎಲೆ ಬೇರೆ ಸಿಗುತ್ತದೆ, ಅದನ್ನು ಇಟ್ಟುಕೊಳ್ಳಿ.

ಬನ್ ವಿಷಯದಲ್ಲಿ ಬೇಕರಿಯವರನ್ನು ಎರಡು ಪ್ರಶ್ನೆ ಕೇಳಿ: ಮೇಲೆ ಹೊಳಪಿಗೆ ಸವರುವುದು ಹಾಲೋ ಮೊಟ್ಟೆಯೋ? ಮೊಟ್ಟೆ ಕೇಕ್ ಬೇಯಿಸಿದ ಟ್ರೇಯಲ್ಲೇ ಬನ್ನೂ ಬೇಯುತ್ತದೆಯೋ? ಬೋರ್ಡಿನಲ್ಲಿ ‘ಅಯ್ಯಂಗಾರ್’ ಎಂದಿದ್ದರೆ ಮೊಟ್ಟೆ ಇಲ್ಲ ಎಂದು ನಂಬುವ ಕಾಲ ಹೋಯಿತು, ಅಂಥ ಹಲವೆಡೆ ಎಗ್ ಪಫ್ಸ್ ಬಿಸಿಬಿಸಿಯಾಗಿ ಖರ್ಚಾಗುತ್ತದೆ.

ಮೊಟ್ಟೆಯಿಲ್ಲದ ಮೇಯೊ

ಉದ್ದನೆಯ, ಕಿರಿದಾದ ಜಾರಿಗೆ ಕಾಯಿಸಿ ಆರಿಸಿ ಫ್ರಿಜ್‌ನಲ್ಲಿಟ್ಟ ತಣ್ಣನೆಯ ಗಟ್ಟಿ ಹಾಲು 100 ಎಂಎಲ್, ಸೂರ್ಯಕಾಂತಿ ಎಣ್ಣೆ 200 ಎಂಎಲ್, ಉಪ್ಪು 3 ಗ್ರಾಂ, ಸಕ್ಕರೆ 3 ಗ್ರಾಂ, ಸಾಸಿವೆ ಪುಡಿ ಅರ್ಧ ಚಮಚ ಹಾಕಿ. ಹ್ಯಾಂಡ್ ಬ್ಲೆಂಡರ್ ತಳಕ್ಕೆ ತಾಗಿಸಿ ಹಿಡಿದು 20 ಸೆಕೆಂಡ್ ಅಲುಗಿಸದೆ ತಿರುಗಿಸಿ. ತಳದಿಂದ ಬಿಳುಪು ಮೇಲೇರುತ್ತದೆ. ಆಮೇಲೆ ನಿಧಾನವಾಗಿ ಮೇಲೆತ್ತಿ. ಕೊನೆಯಲ್ಲಿ ವಿನಿಗರ್ 15 ಎಂಎಲ್ ಸೇರಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಹಾಲು ಬೆಚ್ಚಗಿದ್ದರೆ, ಬ್ಲೆಂಡರನ್ನು ಆರಂಭದಲ್ಲೇ ಮೇಲೆ ಕೆಳಗೆ ಆಡಿಸಿದರೆ ಎಣ್ಣೆ ಒಡೆದು ಬೇರಾಗುತ್ತದೆ. ಒಡೆದದ್ದನ್ನು ಚೆಲ್ಲಬೇಡಿ: ಬೇರೆ ಜಾರಿನಲ್ಲಿ 30 ಎಂಎಲ್ ತಣ್ಣನೆ ಹಾಲಿಟ್ಟು, ಬ್ಲೆಂಡರ್ ಓಡುತ್ತಿರುವಾಗ ಒಡೆದ ಮಿಶ್ರಣವನ್ನು ಸಣ್ಣ ಧಾರೆಯಾಗಿ ಬಿಡಿ. ಫ್ರಿಜ್‌ನಲ್ಲಿ ಮೂರು ದಿನ, ಅದಕ್ಕಿಂತ ಹೆಚ್ಚು ಬೇಡ.

ಹಸಿ ಮೊಟ್ಟೆಯ ಮೇಯೊನೇಸ್‌ಗೆ ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಒಂದು ವರ್ಷದ ನಿಷೇಧ ಹೇರಿದವು. ಅಂದರೆ ಇದು ಬರೀ ಪಥ್ಯದ ಮಾತಲ್ಲ, ಹೊಟ್ಟೆ ಕೆಡುವ ಮಾತೂ ಹೌದು. ಬೆಳ್ಳುಳ್ಳಿ ಮೇಯೊ ಬೇಕಿದ್ದರೆ ಬೇರೆ ಜಾರಿನಲ್ಲಿ ಮಾಡಿ. ಮಿಕ್ಸಿ ಜಾರಿನ ಮುಚ್ಚಳದ ರಬ್ಬರಿಗೆ ಒಮ್ಮೆ ಬೆಳ್ಳುಳ್ಳಿ ಹತ್ತಿದರೆ ಎಷ್ಟು ಸೋಪು ಹಾಕಿ ತಿಕ್ಕಿದರೂ ವಾಸನೆ ಹೋಗುವುದಿಲ್ಲ. ಮೂಗು ಚುರುಕಿರುವ ಜೈನ ಗಿರಾಕಿಗೆ ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ.

ಜೈನ್ ಎಂದು ಬರೆಯುವ ಮುಂಚೆ

ಈರುಳ್ಳಿ, ಬೆಳ್ಳುಳ್ಳಿ ಬಿಟ್ಟಾಕ್ಷಣ ಜೈನ್ ಆಗುವುದಿಲ್ಲ. ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಹಸಿ ಶುಂಠಿ, ನೆಲದೊಳಗೆ ಬೆಳೆಯುವ ಗೆಡ್ಡೆ ಎಲ್ಲ ಹೊರಗೆ. ಅಣಬೆ, ಜೇನು ಕೂಡ. ಜೈನರ ಪರ್ವವಾದ ಪರ್ಯುಷಣದ ದಿನಗಳಲ್ಲಿ ಹಲವರು ಹಸಿರು ಸೊಪ್ಪು-ತರಕಾರಿಯನ್ನೂ ಬಿಡುತ್ತಾರೆ. ತೀರಾ ಕಟ್ಟುನಿಟ್ಟಿನವರು ಈಸ್ಟ್ ಹಾಕಿದ ಬನ್ ತಿನ್ನುವುದಿಲ್ಲ. ಅದನ್ನು ಕೇಳುವ ಮೊದಲೇ ಹೇಳಿಬಿಡಿ. ಬರೀ ಈರುಳ್ಳಿ-ಬೆಳ್ಳುಳ್ಳಿ ಬಿಟ್ಟಿದ್ದರೆ ಮೆನುವಿನಲ್ಲಿ ‘ಈರುಳ್ಳಿ, ಬೆಳ್ಳುಳ್ಳಿ ಇಲ್ಲ’ ಎಂದಷ್ಟೇ ಬರೆಯಿರಿ. ಮಾಧ್ವರ ಮನೆಯವರಿಗೂ ಅದು ಒದಗುತ್ತದೆ.

ಆಲೂಗಡ್ಡೆಯ ಜಾಗಕ್ಕೆ ಬಾಳೆಕಾಯಿ. 70 ಗ್ರಾಂನ 20 ಪ್ಯಾಟಿಗೆ ಹೀಗೆ: ಬೆಂದು ಸಿಪ್ಪೆ ತೆಗೆದ ಬಾಳೆಕಾಯಿ 950 ಗ್ರಾಂ (ಸಿಪ್ಪೆ ಸಮೇತ ಒಂದೂವರೆ ಕೆಜಿ ತನ್ನಿ), ಬೆಂದ ಬಟಾಣಿ 200 ಗ್ರಾಂ, ಪುಡಿ ಮಾಡಿದ ಅವಲಕ್ಕಿ 120, ಕಾರ್ನ್‌ಫ್ಲೋರ್ 40, ಹೆಚ್ಚಿದ ಕೊತ್ತಂಬರಿ ಸೊಪ್ಪು 40, ಹಸಿಮೆಣಸಿನಕಾಯಿ 20, ಉಪ್ಪು 18, ಆಮ್ಚೂರ್ 8, ಒಣಶುಂಠಿ ಪುಡಿ 3, ಇಂಗು 2 ಗ್ರಾಂ.

ಬಾಳೆಕಾಯಿಯನ್ನು ಸಿಪ್ಪೆ ಸಮೇತ ಎರಡು ತುಂಡು ಮಾಡಿ ಹಬೆಯಲ್ಲಿ ಬೇಯಿಸಿ. ನೀರಲ್ಲಿ ಬೇಯಿಸಿದರೆ ನೀರು ಹೀರಿ, ಕರಿಯುವಾಗ ಪ್ಯಾಟಿ ಬಿರಿಯುತ್ತದೆ. ಕೈ ಸುಡದಷ್ಟು ಬಿಸಿ ಇರುವಾಗಲೇ ಸಿಪ್ಪೆ ಸುಲಿದು ತುರಿಯಿರಿ ಅಥವಾ ಕಿವುಚಿ; ಪೂರ್ತಿ ಆರಿದರೆ ಗಂಟುಗಂಟಾಗಿ ಕೂಡಿಕೊಳ್ಳುವುದಿಲ್ಲ. ಕಾಯಿ ಸ್ವಲ್ಪ ಹಣ್ಣಾಗಲು ತಿರುಗಿದ್ದರೆ ಸಿಹಿ ಬಂದು ಮೇಲ್ಮೈ ಬೇಗ ಕಪ್ಪಾಗುತ್ತದೆ. ಎಲ್ಲ ಬೆರೆಸಿ, ತಟ್ಟಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ. ಮೈದಾ 100 ಗ್ರಾಂ, ಕಾರ್ನ್‌ಫ್ಲೋರ್ 50 ಗ್ರಾಂ, ನೀರು 280 ಎಂಎಲ್ ಕಲಸಿದ ಹಿಟ್ಟಿನಲ್ಲಿ ಅದ್ದಿ, ತರಿಯಾಗಿ ಪುಡಿ ಮಾಡಿದ ಅವಲಕ್ಕಿಯಲ್ಲಿ ಹೊರಳಿಸಿ, 175 ಡಿಗ್ರಿಯಲ್ಲಿ ಮೂರು ನಿಮಿಷ ಕರಿಯಿರಿ. ಆರು ಲೀಟರ್ ಫ್ರೈಯರ್‌ಗೆ ಒಮ್ಮೆಗೆ ಐದಾರು ಸಾಕು. ಹೆಚ್ಚು ಹಾಕಿದರೆ ಬಿಸಿ ಇಳಿದು ಪ್ಯಾಟಿ ಎಣ್ಣೆ ಕುಡಿಯುತ್ತದೆ.

ಬೆಳಗ್ಗೆ ತರಕಾರಿ ಹೆಚ್ಚುವಾಗ ಜೈನ್‌ಗೆ ಬೇಕಾದ ಟೊಮೆಟೊ, ದೊಣ್ಣೆಮೆಣಸಿನಕಾಯಿ, ಪನೀರ್ ಮೊದಲು ಹೆಚ್ಚಿ ಬಿಳಿ ಮುಚ್ಚಳದ ಡಬ್ಬಿಗೆ ಹಾಕಿಬಿಡಿ. ಈರುಳ್ಳಿ ಚೀಲಕ್ಕೆ ಕೈಹಾಕುವುದು ಆಮೇಲೆ. ಫ್ರೈಸ್ ಕರಿದ ಎಣ್ಣೆಯಲ್ಲೇ ಜೈನ್ ಪ್ಯಾಟಿ ಕರಿದರೆ ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಸಣ್ಣ ಬಾಣಲೆಯೊಂದನ್ನು ಮೀಸಲಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ. ಸ್ಯಾಂಡ್‌ವಿಚ್ ಗ್ರಿಲ್ಲರ್‌ಗೆ ಬೆಳ್ಳುಳ್ಳಿ ಬೆಣ್ಣೆ ಅಂಟಿರುತ್ತದೆ, ಮೇಲೂ ಕೆಳಗೂ ಬಟರ್ ಪೇಪರ್ ಹಾಕಿ.

ವ್ರತ

ಜೈನರಿಗೆ ಆಲೂಗಡ್ಡೆ ಬೇಡ. ನವರಾತ್ರಿ ಉಪವಾಸದ ಉತ್ತರದವರಿಗೆ ಆಲೂಗಡ್ಡೆಯೇ ಆಧಾರ. ಹಾಗಾಗಿ ‘ಜೈನ್ ಮೆನುವನ್ನೇ ವ್ರತಕ್ಕೂ ಕೊಡೋಣ’ ಎಂಬ ಜಾಣತನ ನಡೆಯುವುದಿಲ್ಲ. ಅವರಿಗೆ ಗೋಧಿ, ಅಕ್ಕಿ, ಬೇಳೆ, ಸಾಮಾನ್ಯ ಉಪ್ಪು ನಿಷಿದ್ಧ. ಸಬ್ಬಕ್ಕಿ, ಕುಟ್ಟು (ಬಕ್‌ವೀಟ್) ಹಿಟ್ಟು, ಸಿಂಘಾಡ (ನೀರಿನಲ್ಲಿ ಬೆಳೆಯುವ ಒಂದು ಕಾಯಿ) ಹಿಟ್ಟು, ಕಡಲೆಕಾಯಿ, ಪನೀರ್, ಸೈಂಧವ ಉಪ್ಪು ಆಗುತ್ತದೆ. ಡೊಮಿನೋಸ್ ಉತ್ತರ ಭಾರತದ ಮಳಿಗೆಗಳಲ್ಲಿ ನವರಾತ್ರಿಗೆ ಮಾಂಸ ನಿಲ್ಲಿಸಿ, ಸಿಂಘಾಡ ಹಿಟ್ಟಿನ ಪಿಜ್ಜಾ ಮಾರಿದ್ದು ಇದೇ ಲೆಕ್ಕದಲ್ಲಿ. ಎರಡು ಕಡೆ ಎಚ್ಚರ ಬೇಕು: ಗರಿಗರಿ ಲೇಪನದ ಫ್ರೋಜನ್ ಫ್ರೈಸ್‌ನಲ್ಲಿ ಹಿಟ್ಟು ಇರಬಹುದು, ಅಂಗಡಿಯಲ್ಲಿ ಸಿಗುವ ಬೆರಕೆ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಇರುತ್ತದೆ.

ನಮ್ಮ ಕಡೆಯ ಪಲಾರವೇ ಬೇರೆ. ಶನಿವಾರ ರಾತ್ರಿ ಅನ್ನ ಬಿಟ್ಟವರು ಉಪ್ಪಿಟ್ಟು, ಚಪಾತಿ, ಅವಲಕ್ಕಿ ನಿಶ್ಚಿಂತೆಯಿಂದ ತಿನ್ನುತ್ತಾರೆ, ಅಂದರೆ ಬನ್ ಕೂಡ ನಡೆಯುತ್ತದೆ, ಆದರೆ ಈರುಳ್ಳಿ ಬೇಡ ಎನ್ನುವವರು ಬಹಳ. ‘ವ್ರತ’ ಎಂದು ಆರ್ಡರ್ ಬಂದರೆ ಯಾವ ವ್ರತ ಎಂದು ಕೇಳಿಯೇ ಒಲೆ ಹಚ್ಚಿ. ಮಾಂಸ ಬಿಟ್ಟ ದಿನಕ್ಕೆ ಬದಲಿ ಹುಡುಕುವುದು ಬರೀ ನಮ್ಮ ಸಮಸ್ಯೆಯಲ್ಲ. ಫಿಲೆ-ಓ-ಫಿಶ್ ಹುಟ್ಟಿದ್ದೇ ಅಮೆರಿಕದ ಸಿನ್ಸಿನಾಟಿಯಲ್ಲಿ, 1962ರಲ್ಲಿ, ಶುಕ್ರವಾರ ಮಾಂಸ ಬಿಡುವ ಕ್ಯಾಥೊಲಿಕರಿಗಾಗಿ. ಪೈಪೋಟಿಗೆ ಕಂಪನಿಯ ಮುಖ್ಯಸ್ಥ ರೇ ಕ್ರಾಕ್ ಅನಾನಸ್ ಹೋಳಿನ ‘ಹುಲಾ ಬರ್ಗರ್’ ಇಟ್ಟರು. ಮೀನು 350 ಖರ್ಚಾದ ದಿನ ಅನಾನಸ್ ಹೋದದ್ದು ಆರು.

ಹಲಾಲ್: ಕಾಗದ ಮೊದಲು

‘ನಮ್ಮ ಕೋಳಿ ಹಲಾಲ್ ಅಣ್ಣ’ ಎಂಬ ಬಾಯಿಮಾತು ಸಾಲದು. ಕೋಳಿ ಕೊಡುವವರಿಂದ ಪ್ರಮಾಣಪತ್ರದ ಪ್ರತಿ, ಕೊಟ್ಟ ಸಂಸ್ಥೆಯ ಹೆಸರು, ಅವಧಿ ಮುಗಿಯುವ ದಿನಾಂಕ ಪಡೆದು ಫೈಲ್ ಮಾಡಿ. ಪ್ರತಿ ಬಾರಿಯ ಬಿಲ್ ಮೇಲೆ ಅದೇ ಘಟಕದ ಹೆಸರಿದೆಯೇ ನೋಡಿ. ಕೊರತೆಯಾದ ದಿನ ಬೇರೆ ಕಡೆಯಿಂದ ತಂದು ತುಂಬಿಸುವುದುಂಟು. ಕೋಳಿ ಸರಿಯಿದ್ದರೂ ಸಾಸೇಜಿನ ಹೊರಪೊರೆ ದನ ಅಥವಾ ಹಂದಿಯ ಕೊಲ್ಲಾಜೆನ್ ಆಗಿರಬಹುದು. ಸಾಸ್‌ನಲ್ಲಿ ವೈನ್, ಮಿರಿನ್ (ಜಪಾನಿನ ಅಕ್ಕಿ ಮದ್ಯ) ಇರಬಹುದು.

ಎಲ್ಲರನ್ನೂ ಒಂದೇ ಕೋಳಿಯಿಂದ ಮೆಚ್ಚಿಸಲಾಗದು. ಅಮೃತ ಸ್ವೀಕರಿಸಿದ ಸಿಖ್ಖರು ಹಲಾಲ್ ಮಾಂಸ ತಿನ್ನುವುದಿಲ್ಲ. ನಮ್ಮಲ್ಲೇ 2022ರ ಯುಗಾದಿಯ ಹೊಸತೊಡಕಿನ ಹೊತ್ತಿಗೆ ಹಲಾಲ್-ಜಟ್ಕಾ (ಒಂದೇ ಏಟಿಗೆ ಕಡಿಯುವ ಬಗೆ) ಗಲಾಟೆ ಎದ್ದದ್ದು ನೆನಪಿದೆ. ಯಾವುದನ್ನು ಬಳಸುತ್ತೀರೋ ಅದನ್ನು ಕೌಂಟರ್ ಬಳಿ ಸಣ್ಣದಾಗಿ ಬರೆದಿಡಿ. ಕೇಳಿದವರಿಗೆ ಒಂದೇ ಉತ್ತರ ಕೊಡಿ. ಗಿರಾಕಿಯ ಮುಖ ನೋಡಿ ಉತ್ತರ ಬದಲಿಸುವ ಅಂಗಡಿಗೆ ಇಬ್ಬರೂ ಬರುವುದಿಲ್ಲ.

ಹೆಸರಿಗೂ ಬೆಲೆಯಿದೆ. 2016ರಲ್ಲಿ ಮಲೇಷ್ಯಾದ ಜಾಕಿಮ್ ಎಂಬ ಹಲಾಲ್ ಪ್ರಾಧಿಕಾರ ಆಂಟಿ ಆನ್ಸ್ ಕಂಪನಿಗೆ ‘ಪ್ರೆಟ್ಜೆಲ್ ಡಾಗ್’ ಹೆಸರನ್ನು ‘ಪ್ರೆಟ್ಜೆಲ್ ಸಾಸೇಜ್’ ಎಂದು ಬದಲಿಸಲು ಹೇಳಿತು. ಒಳಗೆ ನಾಯಿ ಮಾಂಸ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಚೀಟಿ, ಡಬ್ಬಿ, ಹೊತ್ತು

ಬಿಲ್ಲಿಂಗ್ ತಂತ್ರಾಂಶದಲ್ಲಿ ‘ಜೈನ್’ ಎಂಬುದು ಷರಾ ಆಗಿರದೆ ಬೇರೆ ಐಟಂ ಆಗಿರಲಿ. ಷರಾ ಅಡುಗೆ ಚೀಟಿಯ ಕೆಳಗೆ ಸಣ್ಣಕ್ಷರದಲ್ಲಿ ಬರುತ್ತದೆ, ಗಡಿಬಿಡಿಯಲ್ಲಿ ಯಾರೂ ಓದುವುದಿಲ್ಲ. ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವವರು ಮೆನುವಿನಲ್ಲಿ ಕ್ಯಾಲೊರಿ, ಅಲರ್ಜಿಕಾರಕಗಳನ್ನು ತೋರಿಸುವುದು 2022ರ ಜುಲೈನಿಂದ ಕಡ್ಡಾಯ. ಒಂದೇ ಅಂಗಡಿಯವರಿಗೆ ಆ ಕಟ್ಟಳೆ ಇಲ್ಲದಿದ್ದರೂ ಗೋಧಿ, ಹಾಲು, ಸೋಯಾ, ಕಡಲೆಕಾಯಿ ಎಲ್ಲೆಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು ಕೌಂಟರ್ ಒಳಗೆ ಅಂಟಿಸಿಕೊಳ್ಳಿ.

ಸಂಜೆಯ ಆರ್ಡರ್‌ಗಳಲ್ಲಿ ಗಡಿಯಾರದ ಕಡೆ ಗಮನವಿರಲಿ. ಕಟ್ಟುನಿಟ್ಟಿನ ಜೈನರು ಸೂರ್ಯ ಮುಳುಗುವ ಮುನ್ನ ಊಟ ಮುಗಿಸಬೇಕು; ರಂಜಾನ್ ಉಪವಾಸದವರು ಸೂರ್ಯ ಮುಳುಗಿದ ಮೇಲೆ ಬಾಯಿ ತೆರೆಯುತ್ತಾರೆ. ಬೆಂಗಳೂರಿನಲ್ಲಿ ಸೂರ್ಯಾಸ್ತ ವರ್ಷವಿಡೀ ಸುಮಾರು 5.50ರಿಂದ 6.50ರ ಒಳಗೆ. ಆ ದಿನದ ಸಮಯವನ್ನು ಬೆಳಗ್ಗೆಯೇ ಹಲಗೆಯ ಮೇಲೆ ಬರೆದಿಡಿ. ಜೈನ್ ಡಬ್ಬಿ ಅದಕ್ಕೆ ಮುಕ್ಕಾಲು ಗಂಟೆ ಮುಂಚೆ, ಇಫ್ತಾರ್ ಡಬ್ಬಿ ಕಾಲು ಗಂಟೆ ಮುಂಚೆ ಗಿರಾಕಿಯ ಕೈಲಿರಬೇಕು. ರಂಜಾನ್ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಹೋದ ವರ್ಷದ ಪಟ್ಟಿ ಈ ವರ್ಷ ನಡೆಯದು. ಇಫ್ತಾರ್ ಡಬ್ಬಿಯ ಕರಿದ ತಿಂಡಿ ಕಾದು ಕೂತಷ್ಟೂ ಹಬೆಗೆ ಮೆತ್ತಗಾಗುತ್ತದೆ. ಮುಚ್ಚಳಕ್ಕೆ ಎರಡು ತೂತು ಹಾಕಿ, ಖರ್ಜೂರವನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ ಮೇಲಿಡಿ.